ಚನ್ನಪಟ್ಟಣದ ಗೊಂಬೆಯಿಂದ ಕಲಿಯುವ ಸಂಗ್ರಹದ ಪಾಠ

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೊರಟರೆ ನಡುವೆ ಸಿಗುವ ಊರು ಕೆಂಗಲ್. ಆಂಜನೇಯನ ಗುಡಿ, ಸಂಕ್ರಾಂತಿ ಹೊತ್ತಿನ ದನಗಳ ಜಾತ್ರೆ, ವಿಧಾನಸೌಧ ಕಟ್ಟಿಸಿದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಹೆಸರು ಇವು ಈ ಊರಿನ ಗುರುತು. ಇಲ್ಲಿಂದ ರಾಮನಗರದ ದಿಕ್ಕಿಗೆ ಸ್ವಲ್ಪ ದೂರದಲ್ಲೇ ಜಾನಪದ ಲೋಕವೆಂಬ ವಸ್ತುಸಂಗ್ರಹಾಲಯವಿದೆ. ಮೈಸೂರಿನ ದಿಕ್ಕಿಗೆ ಹೊರಟರೆ ಅರಗಿನ ಬಣ್ಣದ ಗೊಂಬೆಗಳ ಚನ್ನಪಟ್ಟಣ. ಸಂಗ್ರಹದ ಹವ್ಯಾಸ ಹಿಡಿದವರಿಗೆ ಇಷ್ಟು ಹತ್ತಿರದಲ್ಲಿ ಎರಡೂ ಸಿಗುವ ಜಾಗ ಅಪರೂಪ. ಒಂದು ಕಡೆ ಕೂಡಿಡಲು ತಕ್ಕ ವಸ್ತು ಇವತ್ತಿಗೂ ತಯಾರಾಗುತ್ತಿದೆ, ಇನ್ನೊಂದು ಕಡೆ ಕೂಡಿಟ್ಟದ್ದನ್ನು ಹೇಗೆ ಉಳಿಸಬೇಕು ಎಂಬುದಕ್ಕೆ ಮಾದರಿ ಕಣ್ಣೆದುರೇ ಇದೆ.

ಶೋಕೇಸ್ ತುಂಬ ಗೊಂಬೆ ಇಟ್ಟವರು ಬೇಕಾದಷ್ಟು ಜನ. ಅವರಲ್ಲಿ ಸಂಗ್ರಹಕಾರರು ಯಾರು? ಎಣಿಕೆಯಾಗಲಿ ಬೆಲೆಯಾಗಲಿ ಇದಕ್ಕೆ ಉತ್ತರ ಕೊಡುವುದಿಲ್ಲ. ಪ್ರತಿಯೊಂದು ವಸ್ತುವಿನ ಜೊತೆ ಅದರ ವಿವರವನ್ನೂ ಉಳಿಸುವವರು ಸಂಗ್ರಹಕಾರರು. ಯಾರು ಮಾಡಿದ್ದು, ಎಲ್ಲಿಂದ ಬಂತು, ಯಾವಾಗ ಸಿಕ್ಕಿತು, ಯಾವುದಕ್ಕೆ ಬಳಕೆಯಾಗುತ್ತಿತ್ತು ಎಂಬುದು ಬರಹದಲ್ಲಿ ಇರಬೇಕು. ಆ ವಿವರ ಕಳೆದುಹೋದರೆ ಉಳಿಯುವುದು ಬಣ್ಣದ ಮರದ ತುಂಡು ಮಾತ್ರ.

ನಾಗೇಗೌಡರ ಮಾದರಿ

ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು (1915–2005) ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರು. ಆಡಳಿತ ಸೇವೆಯಲ್ಲಿದ್ದು ಜಿಲ್ಲಾಧಿಕಾರಿಯಾದವರು. ಕೆಲಸದ ನಿಮಿತ್ತ ಹೋದ ಹಳ್ಳಿಗಳಲ್ಲಿ ಹಾಡುವವರನ್ನು ಹುಡುಕಿ, ಅವರ ದನಿಯನ್ನು ಟೇಪಿನಲ್ಲಿ ಹಿಡಿದಿಟ್ಟರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. 1994ರಲ್ಲಿ ರಾಮನಗರದ ಬಳಿ ಸುಮಾರು 15 ಎಕರೆಯಲ್ಲಿ ಜಾನಪದ ಲೋಕ ತೆರೆಯಿತು. ಒಕ್ಕಲುತನದ ಸಲಕರಣೆ, ಅಡುಗೆಮನೆಯ ಪಾತ್ರೆ, ಅಳತೆಯ ಸೇರು–ಪಾವು, ತೊಗಲುಗೊಂಬೆ, ಕುಣಿತದ ಮುಖವಾಡ, ವಾದ್ಯ, ವೀರಗಲ್ಲು ಎಲ್ಲವೂ ಅಲ್ಲಿ ಬೇರೆ ಬೇರೆ ಮನೆಗಳಲ್ಲಿ ಜೋಡಣೆಯಾಗಿವೆ.

ಹವ್ಯಾಸಿಗಳು ಅಲ್ಲಿ ಗಮನಿಸಬೇಕಾದ್ದು ವಸ್ತುಗಳ ರಾಶಿಗಿಂತ ಹೆಚ್ಚಾಗಿ ಅವುಗಳ ವಿಂಗಡಣೆಯನ್ನು. ಬೀಸುಕಲ್ಲಿನ ಪಕ್ಕ ಬೀಸುವವರ ಲೋಕದ ಇತರ ವಸ್ತುಗಳಿವೆ. ತೊಗಲುಗೊಂಬೆ ಇರುವಲ್ಲಿ ಆಟ–ಕುಣಿತಗಳ ಲೋಕವಿದೆ. ನಾಗೇಗೌಡರು ಹೊರತಂದ ಒಂದು ಹಾಡುಗಳ ಸಂಗ್ರಹದ ಹೆಸರು ‘ಸೋಬಾನೆ ಚಿಕ್ಕಮ್ಮನ ಪದಗಳು’. ಪದ ಹೇಳಿದ ಹೆಣ್ಣುಮಗಳ ಹೆಸರೇ ಪುಸ್ತಕದ ಹೆಸರಾಯಿತು. ಜನಪದ ಹಾಡಿಗೆ ಕರ್ತೃವಿಲ್ಲ ಎಂದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಹಾಡಿದವರನ್ನು ಹೆಸರಿಸಿದ್ದರಿಂದ ಆ ಪದಗಳು ಯಾರ ಬಾಯಿಂದ ಬಂದವು ಎಂಬುದು ಓದುಗರಿಗೆ ತಿಳಿಯಿತು. ಗೊಂಬೆ ಸಂಗ್ರಹಿಸುವವರಿಗೂ ಇದೇ ನಿಯಮ.

ಮೊದಲು ಒಂದು ಗಡಿ

‘ಹಳೆಯದೆಲ್ಲ ಬೇಕು’ ಎಂದು ಹೊರಟರೆ ಮನೆ ಗೋದಾಮಾಗುತ್ತದೆ. ಗಂಭೀರ ಸಂಗ್ರಹ ಒಂದು ಗಡಿಯಿಂದ ಶುರುವಾಗುತ್ತದೆ. ಬೆಂಗಳೂರಿನ ರೆಜ್ವಾನ್ ರಜಾಕ್ ಅವರು ಭಾರತದ ಕಾಗದದ ಹಣವೊಂದನ್ನೇ ಹಿಡಿದು ದಶಕಗಳ ಕಾಲ ಕೂಡಿಸಿ, ಅದರ ಬಗ್ಗೆ ಪುಸ್ತಕ ತಂದು, 2020ರಲ್ಲಿ ಅದಕ್ಕೆಂದೇ ಒಂದು ಮ್ಯೂಸಿಯಂ ತೆರೆದರು. ಗಡಿ ಚಿಕ್ಕದಾದಷ್ಟೂ ತಿಳಿವಳಿಕೆ ಆಳವಾಗುತ್ತದೆ.

ಚನ್ನಪಟ್ಟಣದ ಗೊಂಬೆಯಲ್ಲೇ ಎಷ್ಟೋ ಗಡಿಗಳು ಸಾಧ್ಯ. ಬುಗುರಿಗಳನ್ನು ಮಾತ್ರ ಕೂಡಿಸಬಹುದು. ಗಿಲಕಿಗಳನ್ನು, ರಾಜ–ರಾಣಿ ಜೋಡಿಗಳನ್ನು, ಕುಂಕುಮದ ಭರಣಿಗಳನ್ನು ಆರಿಸಿಕೊಳ್ಳಬಹುದು. ಒಂದೇ ಕಾರ್ಖಾನೆಯ ಕೆಲಸವನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಬಹುದು. ಯಾವುದನ್ನು ಆರಿಸಿದರೂ ಅದಕ್ಕೊಂದು ಪ್ರಶ್ನೆ ಇರಲಿ: ‘ಐವತ್ತು ವರ್ಷಗಳಲ್ಲಿ ಬುಗುರಿಯ ಆಕಾರ ಹೇಗೆ ಬದಲಾಯಿತು?’ ಪ್ರಶ್ನೆ ಇದ್ದರೆ ಮುಂದೆ ಏನು ಕೊಳ್ಳಬೇಕು, ಏನು ಬಿಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ವಸ್ತುವನ್ನು ಓದುವುದು

ಗೊಂಬೆ ಹೇಗೆ ತಯಾರಾಗುತ್ತದೆ ಎಂದು ಗೊತ್ತಿಲ್ಲದವರು ಅದನ್ನು ಪರೀಕ್ಷಿಸಲಾರರು. ಸಾಂಪ್ರದಾಯಿಕವಾಗಿ ಬಳಸುವುದು ಆಲೆ ಮರ. ಹಾಲೆ ಮರ ಎಂದೂ ಕರೆಯುತ್ತಾರೆ. ಬಿಳುಪು ಬಣ್ಣ, ನಯವಾದ ಎಳೆ, ಹಗುರ ತೂಕ. ಮರವನ್ನು ಚೆನ್ನಾಗಿ ಒಣಗಿಸಿ, ತುಂಡು ಮಾಡಿ, ಲೇತಿಗೆ ಕಟ್ಟಿ ಉಳಿಯಿಂದ ಕಡೆಯುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದಾಗ ಉಜ್ಜಾಟದ ಕಾವಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ಕೇದಗೆಯ ಗರಿಯನ್ನು ಒತ್ತಿ ಹಿಡಿದರೆ ಅರಗು ಸಮನಾಗಿ ಹರಡಿ ಹೊಳಪು ಬರುತ್ತದೆ.

ಈ ವಿಧಾನವೇ ಪರೀಕ್ಷೆಯ ಸೂತ್ರಗಳನ್ನೂ ಕೊಡುತ್ತದೆ:

- ಅರಗು ಹತ್ತುವುದು ತಿರುಗುವ ಮೈಗೆ. ಹಾಗಾಗಿ ಬಣ್ಣದ ಪಟ್ಟಿಗಳು ಗೊಂಬೆಯ ಸುತ್ತ ಬಳೆಯಂತೆ ಹರಿದಿರುತ್ತವೆ, ಕುಂಚದ ಗೆರೆ ಕಾಣುವುದಿಲ್ಲ. ಕಣ್ಣು, ಮೂಗು, ಬೊಟ್ಟುಗಳನ್ನು ಮಾತ್ರ ಆಮೇಲೆ ಕುಂಚದಿಂದ ಬರೆಯುತ್ತಾರೆ.
- ಚಪ್ಪಟೆ ಹಲಗೆಗೆ ಲೇತಿನ ಮೇಲೆ ಅರಗು ಹಿಡಿಸಲಾಗದು. ತೂಗುವ ಕುದುರೆಯ ಪಕ್ಕದ ಹಲಗೆಗೆ ಪೇಂಟ್ ಇದ್ದರೆ ಅದರಿಂದಲೇ ಗೊಂಬೆ ನಕಲಿ ಆಗುವುದಿಲ್ಲ.
- ಗೊಂಬೆಯ ತಳದಲ್ಲಿ, ತೂತಿನ ಒಳಗೆ ಬಣ್ಣವಿಲ್ಲದ ಮರ ಕಾಣುತ್ತದೆ. ಅದರ ಬಿಳುಪು ಮತ್ತು ಎಳೆ ನೋಡಿ. ಈಚೆಗೆ ರಬ್ಬರ್ ಮರವೂ ಬಳಕೆಯಲ್ಲಿದೆ. ಅದು ಕಾಲದ ಗುರುತಾದೀತೇ ಹೊರತು ದೋಷವಲ್ಲ.
- ಹಳೆಯ ಗೊಂಬೆಯ ಅರಗು ಸವೆಯುವುದು ಮಗುವಿನ ಕೈ ಹಿಡಿಯುವ ಕಡೆ, ನೆಲಕ್ಕೆ ತಾಗುವ ಕಡೆ. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಬೇಕೆಂದೇ ಹಳೆಯದಾಗಿಸಿರಬಹುದು.

ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳು ಈ ವಿದ್ಯೆ ಕಲಿಸಿದರು ಎಂಬುದು ಊರಿನಲ್ಲಿ ನಡೆದುಬಂದ ಮಾತು. ಈ ಕಸುಬನ್ನು ಬೆಳೆಸಿದವರೆಂದು ಬಾವಾಸ್ ಮಿಯಾ ಅವರನ್ನೂ ನೆನೆಯುತ್ತಾರೆ. ಮಾರುವವರು ‘ಇದು ಟಿಪ್ಪು ಕಾಲದ್ದು’ ಎಂದರೆ ಆ ಮಾತನ್ನು ಮಾತಾಗಿ ಬರೆದುಕೊಳ್ಳಿ, ವಸ್ತುವಿನ ವಯಸ್ಸಾಗಿ ಬರೆಯಬೇಡಿ.

ಕಾಲ ಗುರುತಿಸುವ ಕೀಲಿಗಳು

ಗೊಂಬೆಯ ಮೇಲೆ ವರ್ಷ ಬರೆದಿರುವುದಿಲ್ಲ. ಆದರೆ ಜೊತೆಗಿರುವ ಡಬ್ಬಿ, ಬಿಲ್ಲು, ಬೆಲೆಚೀಟಿಗಳು ತಮ್ಮ ಕಾಲವನ್ನು ಹೇಳುತ್ತವೆ. ಆದ್ದರಿಂದ ಡಬ್ಬಿಯನ್ನು ಎಸೆಯಬೇಡಿ.

- ಬೆಲೆ ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ‘ನಯೇ ಪೈಸೆ’ ಎಂದಿದ್ದರೆ 1957–1964ರ ನಡುವಿನದು.
- ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು.
- ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಮೊದಲಿನದು.
- ಚನ್ನಪಟ್ಟಣದ ವಿಳಾಸದಲ್ಲಿ ‘ಬೆಂಗಳೂರು ಗ್ರಾಮಾಂತರ ಜಿಲ್ಲೆ’ ಎಂದಿದ್ದರೆ 1986ರ ನಂತರದ್ದು, ‘ರಾಮನಗರ ಜಿಲ್ಲೆ’ ಎಂದಿದ್ದರೆ 2007ರ ನಂತರದ್ದು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು.
- ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಗುರುತು ಇದ್ದರೆ ಚನ್ನಪಟ್ಟಣದ ಗೊಂಬೆಗೆ ಆ ಮಾನ್ಯತೆ ಬಂದ 2005–06ರ ನಂತರದ್ದು.
- ರೂಪಾಯಿಯ ₹ ಚಿಹ್ನೆ ಇದ್ದರೆ 2010ರ ನಂತರದ್ದು. ಬಿಲ್ಲಿನಲ್ಲಿ ಜಿಎಸ್‌ಟಿ ಇದ್ದರೆ 2017ರ ಜುಲೈ ನಂತರದ್ದು.

ಅಂಗಡಿಯವರು ಹಳೆಯ ಬಿಲ್‌ಪುಸ್ತಕ ಮುಗಿಯುವ ತನಕ ಅದನ್ನೇ ಬಳಸುವುದುಂಟು. ಹಾಗಾಗಿ ‘ಇದಕ್ಕಿಂತ ಹಿಂದಿನದಲ್ಲ’ ಎಂಬುದನ್ನು ಧೈರ್ಯವಾಗಿ ಬರೆಯಬಹುದು, ‘ಇದಕ್ಕಿಂತ ಈಚಿನದಲ್ಲ’ ಎಂಬುದನ್ನು ಎರಡು ಮೂರು ಗುರುತು ಕೂಡಿದಾಗ ಮಾತ್ರ ಬರೆಯಬೇಕು.

ದಾಖಲೆ ಪುಸ್ತಕ

ಒಂದು ಗಟ್ಟಿ ಬೈಂಡಿನ ನೋಟ್‌ಬುಕ್ ಸಾಕು. ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಕೊಡಿ. ಆ ಸಂಖ್ಯೆಯನ್ನು ಗೊಂಬೆಯ ಮೈಮೇಲೆ ಬರೆಯದೆ, ದಾರ ಕಟ್ಟಿದ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆಯಿರಿ. ಶಾಯಿ ಹರಡುತ್ತದೆ, ಅಂಟುಚೀಟಿ ಅರಗನ್ನೇ ಕಿತ್ತುಕೊಂಡು ಬರುತ್ತದೆ. ಪುಸ್ತಕದಲ್ಲಿ ಇರಬೇಕಾದ ವಿವರಗಳು ಇವು: ಸಂಖ್ಯೆ, ವಸ್ತುವಿನ ಹೆಸರು, ಅಳತೆ, ಮರ ಮತ್ತು ಬಣ್ಣ, ಸಿಕ್ಕ ದಿನ ಮತ್ತು ಊರು, ಕೊಟ್ಟವರು, ಕೊಟ್ಟ ಬೆಲೆ, ಈಗಿರುವ ಸ್ಥಿತಿ, ಕೊಟ್ಟವರು ಹೇಳಿದ ಮಾತು.

ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ. ‘ನಮ್ಮಜ್ಜಿ ತವರಿಂದ ತಂದದ್ದು’ ಎಂದು ಯಾರಾದರೂ ಹೇಳಿದರೆ ಅದನ್ನು ಅವರ ಮಾತಿನಲ್ಲೇ ಬರೆಯಿರಿ. ನೀವೇ ನೋಡಿ ತಿಳಿದದ್ದು ಒಂದು ಕಡೆ, ಕೇಳಿ ತಿಳಿದದ್ದು ಇನ್ನೊಂದು ಕಡೆ, ಊಹೆ ಮೂರನೆಯ ಕಡೆ. ಈ ಮೂರನ್ನೂ ಬೆರೆಸದೆ ಇಡುವುದರಲ್ಲೇ ಸಂಗ್ರಹಕಾರರ ಶಿಸ್ತು ಕಾಣುತ್ತದೆ. ಮಾಡಿದವರು ಸಿಕ್ಕರೆ ಅವರ ಒಪ್ಪಿಗೆ ಪಡೆದು ಹೆಸರು ಬರೆದುಕೊಳ್ಳಿ. ಎರಡು ಬದಿಯ ಮತ್ತು ತಳದ ಫೋಟೊ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಇಡಿ.

ಕಾಪಾಡುವುದು

ಅರಗಿಗೆ ಕಾವು ಮತ್ತು ಸ್ಪಿರಿಟ್ ಎರಡೂ ಆಗದು. ಸ್ಯಾನಿಟೈಸರ್ ಹಚ್ಚಿ ಒರೆಸಿದರೆ ಅರಗು ಕರಗಿ ಹೊಳಪು ಹೋಗುತ್ತದೆ. ಒಣ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಧೂಳು ತೆಗೆದರೆ ಸಾಕು. ಅರಿಶಿನದಂಥ ಸಸ್ಯಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಆದ್ದರಿಂದ ಕಿಟಕಿಯ ಎದುರು ಇಡಬೇಡಿ. ಅರಗಿನ ಗೊಂಬೆಗಳನ್ನು ಒಂದಕ್ಕೊಂದು ತಾಗಿಸಿ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಬೇಸಿಗೆಯಲ್ಲಿ ಅಂಟಿಕೊಳ್ಳಬಹುದು. ಹತ್ತಿ ಬಟ್ಟೆ ಸುತ್ತಿ, ಗಾಳಿಯಾಡುವ ಪೆಟ್ಟಿಗೆಯಲ್ಲಿಡಿ.

ಗೊಂಬೆಯ ಕೆಳಗೆ ನಯವಾದ ಮರದ ಹಿಟ್ಟು ಉದುರಿದ್ದರೆ ಹುಳು ಹೊಡೆದಿದೆ ಎಂದರ್ಥ. ಕೂಡಲೇ ಅದನ್ನು ಬೇರೆ ಮಾಡಿ, ಉಳಿದವನ್ನು ಒಂದೊಂದಾಗಿ ನೋಡಿ. ಬಣ್ಣ ಹೋದ ಗೊಂಬೆಗೆ ಹೊಸ ಬಣ್ಣ ಹೊಡೆಸುವ ಆಸೆಯನ್ನು ತಡೆದುಕೊಳ್ಳಿ. ಆ ಸವೆತವೇ ಅದರ ಚರಿತ್ರೆ. ಹಳೆಯ ರಾಸಾಯನಿಕ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ, ಸಂಗ್ರಹದ ಗೊಂಬೆಯನ್ನು ಬಾಯಿಗಿಡುವ ಮಕ್ಕಳ ಕೈಗೆ ಕೊಡಬಾರದು.

ಕಾನೂನು

ರಾಮನಗರ, ಮಾಗಡಿ, ಕನಕಪುರಗಳ ಹೊಲ–ತೋಟಗಳಲ್ಲಿ ವೀರಗಲ್ಲು, ಹಳೆಯ ನಾಣ್ಯ ಸಿಗುವುದು ಹೊಸದೇನಲ್ಲ. ಅವು ಹವ್ಯಾಸಿಗಳು ಮನೆಗೆ ತರುವ ವಸ್ತುಗಳಲ್ಲ. ನೂರು ವರ್ಷಕ್ಕಿಂತ ಹಳೆಯ ಶಿಲ್ಪ, ಚಿತ್ರ, ಕಲಾವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಹಸ್ತಪ್ರತಿಗಳಿಗೆ ಈ ಮಿತಿ 75 ವರ್ಷ. ಶಿಲ್ಪದಂಥವುಗಳ ನೋಂದಣಿ ಕಡ್ಡಾಯ, ಖಾಸಗಿಯವರು ಇಂಥವನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ನೆಲದಲ್ಲಿ ಹೂತ ನಿಧಿ ಸಿಕ್ಕರೆ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಕಾಡುಪ್ರಾಣಿಗಳ ದಂತ, ಚರ್ಮ, ಕೊಂಬಿನ ವಸ್ತುಗಳಿಗೆ ವನ್ಯಜೀವಿ ಕಾಯ್ದೆಯ ಕಟ್ಟುಪಾಡು ಇದೆ. ವೀರಗಲ್ಲು ಕಂಡರೆ ಇದ್ದಲ್ಲೇ ಫೋಟೊ ತೆಗೆದು, ಜಾಗ ಗುರುತಿಸಿ, ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಕಲ್ಲು ನಿಂತ ಜಾಗವೂ ಅದರ ವಿವರದ ಭಾಗವೇ. ಕಿತ್ತು ತಂದರೆ ಅರ್ಧ ಚರಿತ್ರೆಯನ್ನು ಅಲ್ಲೇ ಬಿಟ್ಟು ಬಂದಂತೆ.

ಈಗ ಕೂಡಿಸಬೇಕಾದದ್ದು

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ ಮತ್ತು ಚನ್ನಪಟ್ಟಣಗಳನ್ನು ಬದಿಗಿಟ್ಟು ಹೋಗುತ್ತದೆ. ಹಳೆಯ ರಸ್ತೆಯ ಬದಿಯ ಗೊಂಬೆ ಅಂಗಡಿಗಳಿಗೆ ಕಾರು ನಿಲ್ಲಿಸಿ ಕೊಳ್ಳುತ್ತಿದ್ದ ಗಿರಾಕಿಗಳೇ ಆಧಾರವಾಗಿದ್ದರು. ಆ ಅಂಗಡಿಗಳ ಬೋರ್ಡು, ಬಿಲ್ಲು, ಜೋಡಿಸಿಟ್ಟ ಬಗೆ ಇವೆಲ್ಲ ನಮ್ಮ ಕಣ್ಣೆದುರೇ ಚರಿತ್ರೆಯಾಗುತ್ತಿವೆ.

ಆದ್ದರಿಂದ ಹಳೆಯದಕ್ಕೆ ಮಾತ್ರ ಕಾಯಬೇಡಿ. ಇಂದು ತಯಾರಾಗುವ ಒಂದು ಬುಗುರಿಯನ್ನೇ ನಾಲ್ಕು ಹಂತಗಳಲ್ಲಿ ಕೊಳ್ಳಿ: ಕೊಯ್ದ ಮರದ ತುಂಡು, ಕಡೆದ ಆಕಾರ, ಅರಗು ಹಿಡಿಸಿದ್ದು, ಗರಿಯಿಂದ ಹೊಳಪು ಕೊಟ್ಟದ್ದು. ಜೊತೆಗೆ ಒಂದು ಅರಗಿನ ಕಡ್ಡಿ, ಸವೆದ ಉಳಿ, ಒಣ ಕೇದಗೆ ಗರಿ. ಕುಶಲಕರ್ಮಿ ಕೇಳಿದ ಬೆಲೆ ಕೊಡಿ. ಅವರ ದುಡಿಮೆ ನಿಂತರೆ ಮುಂದಿನ ಸಂಗ್ರಹವೂ ಇರುವುದಿಲ್ಲ. ಅಪರೂಪದ ಗೊಂಬೆಗೆ ಸುರಿಯುವ ಹಣದಲ್ಲಿ ಒಂದು ಸಣ್ಣ ಭಾಗಕ್ಕೆ ಸಿಗುವ ಈ ಜೋಡಣೆ, ಕಸುಬಿನ ಬಗ್ಗೆ ಹೆಚ್ಚು ಹೇಳುತ್ತದೆ.

ತೆರೆದಿಡುವುದು, ಒಪ್ಪಿಸುವುದು

ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ, ಒಂದು ಕಾಲಕ್ಕೆ ಬಸ್ ಕಂಡಕ್ಟರ್ ಆಗಿದ್ದ ಅಂಕೇಗೌಡರು ಕೂಡಿಸಿದ ಲಕ್ಷಾಂತರ ಪುಸ್ತಕಗಳು ಓದಲು ಬಂದವರಿಗೆಲ್ಲ ತೆರೆದಿವೆ. ನಾಗೇಗೌಡರು ತಾವು ಕೂಡಿಸಿದ್ದನ್ನು ಪರಿಷತ್ತಿನ ಕೈಗೆ ಒಪ್ಪಿಸಿದ್ದರಿಂದ ಅವರ ನಂತರವೂ ಅದು ಉಳಿದಿದೆ. ನಿಮ್ಮದು ಐವತ್ತೇ ಬುಗುರಿಗಳಿರಲಿ, ಪಕ್ಕದ ಶಾಲೆಯ ಮಕ್ಕಳಿಗೆ ವರ್ಷಕ್ಕೊಮ್ಮೆ ತೋರಿಸಿ. ನವರಾತ್ರಿಯ ಗೊಂಬೆ ಕೂರಿಸುವಾಗ ಪ್ರತಿಯೊಂದರ ಮುಂದೆ ಒಂದು ವಿವರದ ಚೀಟಿ ಇಡಿ. ನೋಡಿದವರಲ್ಲಿ ಯಾರೋ ಒಬ್ಬರು ‘ಇಂಥದ್ದು ನಮ್ಮ ಮನೆಯಲ್ಲೂ ಇತ್ತು’ ಎಂದು ಹೇಳಿದರೆ ನಿಮ್ಮ ಪುಸ್ತಕಕ್ಕೆ ಹೊಸ ಸಾಲು ಸೇರುತ್ತದೆ. ನಿಮ್ಮ ನಂತರ ಇವೆಲ್ಲ ಯಾರಿಗೆ ಸೇರಬೇಕು ಎಂಬುದನ್ನೂ ಆ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ. ಸಂಗ್ರಹ ಒಡೆದುಹೋಗುವುದು ಹೆಚ್ಚಾಗಿ ಮನೆಯವರಿಗೆ ಅದರ ಬೆಲೆ ತಿಳಿಯದೆ ಹೋದಾಗ.

ಗೊಂಬೆಗಳು ಈಗಾಗಲೇ ಮನೆಯಲ್ಲಿದ್ದು ಪುಸ್ತಕ ಇಲ್ಲದವರು ಇನ್ನೊಂದು ಗೊಂಬೆ ಕೊಳ್ಳುವ ಮೊದಲು ಇರುವುದನ್ನು ಬರೆಯಲು ಕೂರಬೇಕು. ಮನೆಯ ಹಿರಿಯರು ಇದ್ದಾಗಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೂ ತೋರಿಸಿ ಕೇಳಿ. ಗೊಂಬೆ ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಕ್ಕೀತು. ಅವರಿಗೆ ಗೊತ್ತಿರುವುದು ಇನ್ನೆಲ್ಲಿಯೂ ಸಿಗದು.