ಮಕ್ಕಳೊಂದಿಗೆ ಕಡಲು ದಾಟುವ ಮೊದಲ ದಿನ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮನೆಗಳಲ್ಲಿ ಪರದೇಶದ ಮಾತು ಈಗ ಅಪರೂಪವಲ್ಲ. ಇಂಜಿನಿಯರಿಂಗ್ ಓದಿದ ಮಗ ದುಬೈಗೋ ಸಿಂಗಪುರಕ್ಕೋ ಅಮೆರಿಕಕ್ಕೋ ನೌಕರಿಗೆಂದು ಹೋಗುತ್ತಾನೆ. ಬಾಡಿಗೆ ಮನೆ ಹಿಡಿದು, ಒಂದಿಷ್ಟು ನೆಲೆ ಕಂಡ ಮೇಲೆ ಹೆಂಡತಿ-ಮಕ್ಕಳನ್ನು ಕರೆಸಿಕೊಳ್ಳುತ್ತಾನೆ. ಹೀಗಾಗಿ ಅನೇಕ ಮನೆಗಳಲ್ಲಿ ಮಕ್ಕಳ ಮೊದಲ ವಿಮಾನ ಪ್ರಯಾಣವೆಂದರೆ ಅದು ತಾಯಿಗೂ ಮೊದಲನೆಯದೇ. ಬಗಲಲ್ಲಿ ಒಂದು ಕೂಸು, ಕೈ ಹಿಡಿದುಕೊಂಡ ಇನ್ನೊಂದು, ಹೆಗಲಿಗೆ ಪಾಸ್‌ಪೋರ್ಟಿನ ಚೀಲ. ವೀಸಾ, ಟಿಕೆಟ್ಟಿನ ವಿಷಯ ಹೇಳಲು ಏಜೆಂಟರಿದ್ದಾರೆ. ಆದರೆ ಮನೆಯ ಹೊಸ್ತಿಲು ದಾಟಿದ ಗಳಿಗೆಯಿಂದ ಆಚೆಯ ದೇಶದ ಮನೆಯಲ್ಲಿ ಮಕ್ಕಳು ಮಲಗುವ ತನಕದ ಆ ಒಂದು ದಿನವನ್ನು ಹೇಗೆ ದಾಟಬೇಕೆಂದು ಹೇಳುವವರು ಕಡಿಮೆ.

ಮೊದಲು ದಾರಿಯ ಲೆಕ್ಕ ನೋಡಬೇಕು. ಜಮಖಂಡಿಯಿಂದ ಬೆಂಗಳೂರು 500 ಕಿಲೋಮೀಟರಿಗೂ ಹೆಚ್ಚು. ಬಾಗಲಕೋಟೆ-ಕುಡಚಿ ರೈಲು ಮಾರ್ಗದ ಕೆಲಸ ದಶಕಕ್ಕೂ ಮೀರಿ ಎಳೆದಿದೆ. ಬೀಳಗಿಯವರು ಬಾಗಲಕೋಟೆಗೆ ಹೋಗಿ ರೈಲು ಹಿಡಿಯಬಹುದು, ಉಳಿದವರಿಗೆ ರಾತ್ರಿ ಬಸ್ಸೇ ಗತಿ. ಬೆಳಗಾವಿಯ ಸಾಂಬ್ರಾದಿಂದಲೂ ಹುಬ್ಬಳ್ಳಿಯಿಂದಲೂ ದೇಶದೊಳಗಿನ ವಿಮಾನಗಳಿವೆ, ಆದರೆ ಎಲ್ಲರ ಜೇಬಿಗೂ ಅದು ಒಗ್ಗುವುದಿಲ್ಲ.

ಒಂದು ಕುಟುಂಬ ಸಂಜೆ ಆರಕ್ಕೆ ರಬಕವಿಯಲ್ಲಿ ಬಸ್ಸು ಹತ್ತಿತು ಎಂದುಕೊಳ್ಳಿ. ಬೆಳಗಿನ ಆರಕ್ಕೆ ಬೆಂಗಳೂರಿನ ಮೆಜೆಸ್ಟಿಕ್. ಅಲ್ಲಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಇನ್ನೂ 35 ಕಿಲೋಮೀಟರಿನಷ್ಟು ದೂರ. ಪರದೇಶದ ವಿಮಾನಕ್ಕೆ ಮೂರು ತಾಸು ಮೊದಲೇ ಹೋಗಬೇಕು. ಹನ್ನೊಂದಕ್ಕೆ ವಿಮಾನ ಹಾರಿದರೆ ಸುಮಾರು ನಾಲ್ಕು ತಾಸಿನಲ್ಲಿ ದುಬೈ. ತಪಾಸಣೆ, ಸಾಮಾನು, ಟ್ಯಾಕ್ಸಿ ಎಲ್ಲ ಮುಗಿದು ಮನೆ ಸೇರುವಾಗ ನಮ್ಮ ಗಡಿಯಾರದಲ್ಲಿ ಸಂಜೆ ಐದು. ಒಟ್ಟು 23 ತಾಸು. ಅದರಲ್ಲಿ ಆಕಾಶದಲ್ಲಿ ಕಳೆದದ್ದು ನಾಲ್ಕೇ! ಮಕ್ಕಳು ದಣಿಯುವುದು ವಿಮಾನದಲ್ಲಿ ಎಂಬುದು ದೊಡ್ಡವರ ಭ್ರಮೆ. ಅವು ದಣಿಯುವುದು ಮೆಜೆಸ್ಟಿಕ್‌ನಲ್ಲಿ.

ಆದ್ದರಿಂದ ಟಿಕೆಟ್ಟಿನ ದರದಲ್ಲಿ ಸಾವಿರ ರೂಪಾಯಿ ಉಳಿಸಲು ಹೆಣಗುವವರು ಇನ್ನೊಂದು ಖರ್ಚಿಗೆ ಹಿಂದೆ ಮುಂದೆ ನೋಡಬಾರದು. ಒಂದು ದಿನ ಮೊದಲೇ ಬೆಂಗಳೂರು ಸೇರಿ, ನೆಂಟರ ಮನೆಯಲ್ಲೋ ವಸತಿಗೃಹದಲ್ಲೋ ಮಕ್ಕಳನ್ನು ಒಂದು ರಾತ್ರಿ ನಿಶ್ಚಿಂತೆಯಿಂದ ಮಲಗಿಸುವುದು ಒಳ್ಳೆಯದು. ಬಸ್ಸು ತುಮಕೂರಿನ ಹತ್ತಿರ ಕೆಟ್ಟು ನಿಂತರೂ ಆಗ ಎದೆ ಹೊಡೆದುಕೊಳ್ಳುವುದಿಲ್ಲ.

ಹೆಸರಿನ ಒಂದು ಅಕ್ಷರ

ಹಿಂದೆ ಮಕ್ಕಳ ಹೆಸರನ್ನು ತಂದೆ-ತಾಯಿಯ ಪಾಸ್‌ಪೋರ್ಟಿನಲ್ಲೇ ಬರೆಸಿದರೆ ಸಾಕಾಗುತ್ತಿತ್ತು. ಈಗ ಹಸುಗೂಸಿಗೂ ಪ್ರತ್ಯೇಕ ಪಾಸ್‌ಪೋರ್ಟು ಬೇಕು. ದೊಡ್ಡವರದು ಹತ್ತು ವರ್ಷ ನಡೆದರೆ ಚಿಕ್ಕ ಮಕ್ಕಳದು ಐದೇ ವರ್ಷ. ಪ್ರಯಾಣದ ದಿನದಿಂದ ಮುಂದೆ ಆರು ತಿಂಗಳ ಅವಧಿ ಉಳಿದಿರಬೇಕೆಂದು ಹಲವು ದೇಶಗಳು ಕೇಳುತ್ತವೆ. ತಾಯಿಯದು ಸರಿಯಿದೆ ಎಂದು ನಿಶ್ಚಿಂತೆಯಿಂದಿದ್ದವರು ಮಗನದನ್ನು ತೆರೆದು ನೋಡಿ ಬೆವರುವುದು ಇಲ್ಲಿಯೇ.

ನಮ್ಮ ಸೀಮೆಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಜನನ ಪತ್ರದಲ್ಲಿ ಒಂದು ಕ್ರಮ, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಅಡ್ಡಹೆಸರಿನ ಇಂಗ್ಲಿಷ್ ಕಾಗುಣಿತ ಅಪ್ಪನಿಗೊಂದು ಮಗಳಿಗೊಂದು. ಅಡ್ಡಹೆಸರೇ ಇಲ್ಲದೆ ಒಂಟಿ ಹೆಸರಿನ ಪಾಸ್‌ಪೋರ್ಟು ಇದ್ದವರಿಗೆ ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಿಂದ ಪ್ರವಾಸಿ ವೀಸಾದಲ್ಲಿ ತೊಡಕು ತಂದಿತು. ಟಿಕೆಟ್ಟು, ವೀಸಾ, ಪಾಸ್‌ಪೋರ್ಟು ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಕೆಲಸವನ್ನು ಮನೆಯ ಹೈಸ್ಕೂಲು ಹುಡುಗ-ಹುಡುಗಿಗೆ ವಹಿಸಿದರೆ ಎಷ್ಟೋ ಸಲ ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ. ತಾಯಿಯೊಬ್ಬಳೇ ಕರೆದೊಯ್ಯುವುದಾದರೆ ತಂದೆಯ ಸಮ್ಮತಿ ಪತ್ರ, ಮಕ್ಕಳ ಜನನ ಪತ್ರ, ಶಾಲೆಯ ವರ್ಗಾವಣೆ ಪತ್ರಗಳು ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆಯೊಳಗೆ ಹೋದ ಕಾಗದ ಆ ದಿನದ ಮಟ್ಟಿಗೆ ಇಲ್ಲದಂತೆಯೇ.

ಬುತ್ತಿಯ ಗಂಟು

ಊರು ಬಿಡುವ ಮಗಳಿಗೆ ಅವ್ವ ಬುತ್ತಿ ಕಟ್ಟದೆ ಇರುತ್ತಾಳೆಯೇ? ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಪ್ಪಿನಕಾಯಿ, ಅಮೀನಗಡದ ಕರದಂಟು. ಇವುಗಳಲ್ಲಿ ರೊಟ್ಟಿಯಂಥ ಒಳ್ಳೆಯ ಪ್ರಯಾಣಿಕ ಇನ್ನೊಂದಿಲ್ಲ. ಅದು ಹಳಸುವುದಿಲ್ಲ, ಸೋರುವುದಿಲ್ಲ, ಯಾರೂ ತಡೆಯುವುದಿಲ್ಲ. ಉಳಿದವುಗಳ ಕಥೆ ಬೇರೆ. ಖಾರದ ಪುಡಿಯನ್ನು ಕೈಚೀಲದಲ್ಲಿ ಒಯ್ಯಲು ಭದ್ರತೆಯವರು ಬಿಡುವುದಿಲ್ಲ. ಖಾರದ ಚಟ್ನಿ ಪುಡಿ, ಉಪ್ಪಿನಕಾಯಿಗಳೂ ದೊಡ್ಡ ಪೆಟ್ಟಿಗೆಗೆ ಹೋಗಬೇಕು. ಇಡೀ ಒಣ ಕೊಬ್ಬರಿಯನ್ನು ಬೆಂಕಿ ಹೊತ್ತುವ ಪದಾರ್ಥವೆಂದು ವಿಮಾನದವರು ಒಯ್ಯಗೊಡುವುದಿಲ್ಲ. ಗಸಗಸೆ ಅಫೀಮಿನ ಗಿಡದ ಬೀಜವಾದ್ದರಿಂದ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಷಿದ್ಧ, ಅಲ್ಲಿ ಅದು ಜೈಲಿನವರೆಗೂ ಎಳೆಯಬಲ್ಲ ವಸ್ತು. ಕರದಂಟಿಗೆ ಗಸಗಸೆ ಹಾಕುವ ರೂಢಿ ಇದೆ. ದುಬೈಗೆ ಒಯ್ಯುವವರು ಕೇಳಿ, ಹಾಕಿಲ್ಲವೆಂದು ಖಾತ್ರಿಯಾದದ್ದನ್ನೇ ಕೊಳ್ಳಬೇಕು. ಆಸ್ಟ್ರೇಲಿಯಾಕ್ಕೆ ಹೋಗುವವರು ಒಂದು ಚೂರು ತಿಂಡಿ ಇದ್ದರೂ ಅಲ್ಲಿಯ ಅರ್ಜಿಯಲ್ಲಿ ಬರೆದು ತೋರಿಸಬೇಕು, ಮುಚ್ಚಿಟ್ಟರೆ ದಂಡ.

ಕೂಸಿನ ಹಾಲು, ಔಷಧಿಗೆ 100 ಮಿಲಿಲೀಟರಿನ ಕಟ್ಟುಪಾಡಿನಿಂದ ರಿಯಾಯಿತಿ ಉಂಟು. ಆದರೆ ಕೆಲವು ಕೆಮ್ಮಿನ ಔಷಧಿಗಳು ಕೊಲ್ಲಿ ದೇಶಗಳಲ್ಲಿ ನಿರ್ಬಂಧಿತ. ವೈದ್ಯರ ಚೀಟಿ ಜೊತೆಗಿರಬೇಕು.

ಕಿವಿ ನೋವಿನ ಗುಟ್ಟು

ವಿಮಾನ ಎಷ್ಟೇ ಎತ್ತರ ಹಾರಲಿ, ಒಳಗಿನ ಗಾಳಿಯ ಒತ್ತಡ ಹೆಚ್ಚುಕಡಿಮೆ ಊಟಿಯ ಬೆಟ್ಟದ ಮೇಲಿನಷ್ಟಿರುತ್ತದೆ. ಇಳಿಯುವಾಗ ಅರ್ಧ ತಾಸಿನಲ್ಲಿ ಊಟಿಯಿಂದ ಸಮುದ್ರದಂಡೆಗೆ ಬಂದಂತೆ. ಕಿವಿಯ ಒಳಭಾಗವನ್ನು ಗಂಟಲಿಗೆ ಜೋಡಿಸುವ ಸಣ್ಣ ನಾಳ ತೆರೆದುಕೊಂಡರೆ ಒತ್ತಡ ಸರಿಹೋಗುತ್ತದೆ. ಮಕ್ಕಳಲ್ಲಿ ಆ ನಾಳ ತೀರ ಕಿರಿದು. ನೆಗಡಿಯಿದ್ದರೆ ಪೂರ್ತಿ ಬಂದ್. ನುಂಗಿದಾಗ ಅದು ತೆರೆಯುತ್ತದೆ. ಅದಕ್ಕೇ ಇಳಿಯುವ ಹೊತ್ತಿಗೆ ಕೂಸಿಗೆ ಹಾಲು ಕುಡಿಸಬೇಕು, ದೊಡ್ಡ ಮಗುವಿಗೆ ನೀರು ಗುಟುಕರಿಸಲು ಕೊಡಬೇಕು. ನಿದ್ದೆಯಲ್ಲಿ ನುಂಗುವುದು ಕಡಿಮೆ. ಪಾಪ, ಮಲಗಿದೆ ಎಂದು ಬಿಡದೆ ಇಳಿಯುವ ಮೊದಲೇ ಎಬ್ಬಿಸುವುದು ಮೇಲು. ಇಷ್ಟು ಮಾಡಿಯೂ ಅತ್ತರೆ, ಅಳಲಿ. ಅಳುವಿನಲ್ಲೂ ನುಂಗುವುದುಂಟು. ಸುತ್ತಲಿನವರ ಮುಖ ನೋಡಿ ತಾಯಿ ನಾಚುವುದು ಬೇಕಿಲ್ಲ.

ಆಚೆ ಇಳಿದ ಮೇಲೆ

ಅಪ್ಪ ಹೊರಗೆ ಕಾಯುತ್ತಿರುತ್ತಾನೆ. ತಿಂಗಳುಗಟ್ಟಲೆ ಕಾಣದ ಮಕ್ಕಳನ್ನು ಕಂಡು, "ನಡೀರಿ, ಎತ್ತರದ ಕಟ್ಟಡ ತೋರಸ್ತೀನಿ" ಎನ್ನುವ ಉಮೇದು. ಆ ಉಮೇದನ್ನು ಅವನು ಎರಡು ದಿನ ಕಟ್ಟಿಡಬೇಕು. ಕಾರಿನಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದು ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಮಗುವಿನ ಆಸನ ಮೊದಲೇ ಗೊತ್ತುಮಾಡಿರಬೇಕು. ಆರು ತಿಂಗಳು ಫೋನಿನ ಪರದೆಯಲ್ಲಷ್ಟೇ ನೋಡಿದ ಅಪ್ಪನ ಬಳಿ ಸಣ್ಣ ಕೂಸು ತಕ್ಷಣ ಹೋಗದೆ ಇರಬಹುದು. ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಬಹುದು. ಅವನಿಗೆ ಅದು ನೋವಿನ ಗಳಿಗೆ. ಒತ್ತಾಯದಿಂದ ಎತ್ತಿಕೊಳ್ಳದೆ ಹತ್ತಿರ ಕೂತರೆ ಒಂದೆರಡು ದಿನದಲ್ಲಿ ತಾನಾಗಿ ಮಡಿಲೇರುತ್ತದೆ.

ಇನ್ನು ನಿದ್ದೆ. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ, ಸಿಂಗಪುರ ಎರಡೂವರೆ ತಾಸು ಮುಂದೆ. ಇವು ಹೆಚ್ಚು ಕಾಡುವುದಿಲ್ಲ. ಆದರೆ ನ್ಯೂಯಾರ್ಕ್ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ತಾಸು ಹಿಂದೆ. ಹಗಲೆಲ್ಲ ರಾತ್ರಿ, ರಾತ್ರಿಯೆಲ್ಲ ಹಗಲು. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ತಮ್ಮೂರಿನ ಬೇಟೆನಾಯಿಗಳ ಜೋಡಿಯನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆ ಕೊಟ್ಟ ಕಥೆ ಇಲ್ಲಿ ಮನೆಮಾತು. ಅದು ಹಡಗಿನ ಕಾಲ. ಗಡಿಯಾರ ದಿನಕ್ಕಿಷ್ಟಿಷ್ಟೇ ಸರಿಯುತ್ತಿತ್ತು, ಮೈಯೂ ಅದರೊಂದಿಗೆ ಹೊಂದಿಕೊಳ್ಳುತ್ತಿತ್ತು. ಈಗ ಒಂದೇ ದಿನದಲ್ಲಿ ಅಷ್ಟೂ ತಾಸು ಜಿಗಿಯಬೇಕು. ಒಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ತಾಸಷ್ಟೇ ತಿರುಗುತ್ತದೆ. ಮಕ್ಕಳನ್ನು ಹಗಲಿನ ಬಿಸಿಲಲ್ಲಿ ಆಡಲು ಬಿಟ್ಟರೆ ಬೇಗ ಸರಿಹೋಗುತ್ತದೆ. ಹಗಲು ತಾಸೊಪ್ಪತ್ತಿನ ನಿದ್ದೆಗಿಂತ ಹೆಚ್ಚು ಬೇಡ.

ಮೊದಲ ರಾತ್ರಿ ಮೂರು ಗಂಟೆಗೆ ಮಗು ಎದ್ದು ಕೂತು "ಅವ್ವಾ, ಹಸಿವು" ಎಂದರೆ ಗದರಬಾರದು. ಅದರ ಹೊಟ್ಟೆಯಲ್ಲಿ ಇನ್ನೂ ಜಮಖಂಡಿಯ ಮಧ್ಯಾಹ್ನ. ಮಂದ ದೀಪ ಹಚ್ಚಿ, ಟಿವಿ, ಫೋನು ಹಚ್ಚದೆ, ಒಂದು ರೊಟ್ಟಿ ಮುರಿದು ಮೊಸರಿನೊಂದಿಗೆ ಕೊಟ್ಟು ಮತ್ತೆ ಮಲಗಿಸಿದರಾಯಿತು.