ಹಳೆಯದೆನಿಸಿದ ಹೊಸ ಮಟ್ಟು

1990ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸಾರ್ವಜನಿಕ ದೂರದರ್ಶನದಲ್ಲಿ ಕೆನ್ ಬರ್ನ್ಸ್ ಅವರ ‘ದಿ ಸಿವಿಲ್ ವಾರ್’ ಎಂಬ ಸಾಕ್ಷ್ಯಚಿತ್ರ ಸರಣಿ ಪ್ರಸಾರವಾಯಿತು. 1861ರಿಂದ 1865ರವರೆಗೆ ಆ ದೇಶದಲ್ಲಿ ನಡೆದ ಅಂತರ್ಯುದ್ಧದ ಕಥೆಯದು. ಸುಮಾರು 11 ಗಂಟೆಗಳ ಈ ಸರಣಿಯಲ್ಲಿ ಪಿಟೀಲಿನ ಒಂದು ಮಟ್ಟು 25 ಬಾರಿ ಕೇಳಿಬರುತ್ತದೆ. ಸಲ್ಲಿವನ್ ಬಲೂ ಎಂಬ ಸೇನಾಧಿಕಾರಿ ಸಾಯುವ ಕೆಲವೇ ದಿನ ಮೊದಲು ಪತ್ನಿಗೆ ಬರೆದ ಪತ್ರವನ್ನು ಓದುವಾಗಲೂ ಹಿನ್ನೆಲೆಯಲ್ಲಿ ಅದೇ ಮಟ್ಟು. ಇದು ಆ ಕಾಲದ ಜಾನಪದ ಸಂಗೀತವೇ ಇರಬೇಕೆಂದು ಅನೇಕ ಪ್ರೇಕ್ಷಕರು ನಂಬಿಬಿಟ್ಟರು.

ನಿಜ ಸಂಗತಿ ಬೇರೆಯೇ ಇತ್ತು. ಆ ಮಟ್ಟು ಹುಟ್ಟಿದ್ದು ಯುದ್ಧ ಮುಗಿದ 117 ವರ್ಷಗಳ ನಂತರ, 1982ರಲ್ಲಿ!

ಅದರ ಕರ್ತೃ ಜೇ ಉಂಗರ್. ನ್ಯೂಯಾರ್ಕ್ ರಾಜ್ಯದ ಅಶೋಕನ್ ಎಂಬಲ್ಲಿ ಅವರು ಪ್ರತಿ ಬೇಸಿಗೆಯಲ್ಲೂ ಪಿಟೀಲು ಮತ್ತು ನೃತ್ಯದ ಶಿಬಿರ ನಡೆಸುತ್ತಿದ್ದರು. (ಈ ಹೆಸರಿಗೂ ನಮ್ಮ ಅಶೋಕ ಚಕ್ರವರ್ತಿಗೂ ಸಂಬಂಧವಿಲ್ಲ.) ಆ ವರ್ಷದ ಶಿಬಿರ ಮುಗಿದು ಎಲ್ಲರೂ ಊರಿಗೆ ಮರಳಿದಾಗ ಅವರನ್ನು ಅಗಲಿಕೆಯ ನೋವು ಕಾಡಿತು. ಆ ನೋವೇ ಮಟ್ಟಾಯಿತು. ‘ಅಶೋಕನ್ ಫೇರ್‌ವೆಲ್’, ಅಂದರೆ ಅಶೋಕನ್‌ಗೆ ವಿದಾಯ, ಎಂಬ ಹೆಸರನ್ನು ಸೂಚಿಸಿದವರು ಸಹಕಲಾವಿದೆ ಮಾಲಿ ಮೇಸನ್. ‘ಫಿಡಲ್ ಫೀವರ್’ ತಂಡ ನುಡಿಸಿದ ಧ್ವನಿಮುದ್ರಿಕೆಯ ಮೂಲಕ ಅದು ಬರ್ನ್ಸ್ ಅವರ ಕಿವಿಗೆ ಬಿತ್ತು. ಸರಣಿಯ ಉಳಿದ ಸಂಗೀತವೆಲ್ಲ 19ನೇ ಶತಮಾನದ್ದು, ಇದೊಂದೇ ಹೊಸದು.

ಹಾಗಾದರೆ ಅದು ಹಳೆಯದೆನಿಸಿದ್ದೇಕೆ? ಅಚ್ಚು ಹಳೆಯದು, ಎರಕ ಹೊಸದು. ಇದೊಂದು ವಾಲ್ಟ್ಸ್. ನಮ್ಮ ತಿಶ್ರ ನಡೆಯಂತೆ ಮೂರು ಎಣಿಕೆ, ಮೊದಲನೆಯದಕ್ಕೆ ಒತ್ತು. ಆಸ್ಟ್ರಿಯಾ, ಜರ್ಮನಿಗಳ ಈ ಕುಣಿತ 18ನೇ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನಲ್ಲಿ ಹರಡತೊಡಗಿ ಮುಂದೆ ಅಮೆರಿಕಕ್ಕೂ ಬಂತು. ಇದರ ಜೊತೆಗೆ ಉಂಗರ್ ಸ್ಕಾಟ್ಲೆಂಡಿನ ಶೋಕಗೀತೆಗಳ ಧಾಟಿಯನ್ನು ಬೆರೆಸಿದ್ದರು. ಮೇಲಾಗಿ ಹಳೆಯ ಛಾಯಾಚಿತ್ರಗಳ ಜೊತೆಯಲ್ಲೇ ಅದು ಮನೆಮನೆಗೆ ತಲುಪಿತು. ಕಣ್ಣು ಕಂಡದ್ದನ್ನು ಕಿವಿ ನಂಬಿತು.

ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇದನ್ನೇ. ‘ಹಾಗೆನಿಸುತ್ತದೆ’ ಎಂಬುದು ಪುರಾವೆಯಲ್ಲ. ಮೊದಲು ಯಾರು ನುಡಿಸಿದರು, ಯಾವಾಗ ದಾಖಲಾಯಿತು ಎಂದು ಕೇಳಿದರೆ ತಾನೇ ಉತ್ತರ ಸಿಗುವುದು? ಕೇಳದೆ ‘ಸಾಂಪ್ರದಾಯಿಕ’ ಎಂದುಬಿಟ್ಟರೆ ಕಣ್ಣೆದುರಿಗಿರುವ ಕಲಾವಿದನ ಶ್ರಮ ಅನಾಮಧೇಯವಾಗುತ್ತದೆ. ಕರ್ತೃವಿನ ಹೆಸರಿಲ್ಲದ ಜಾನಪದ ಮಟ್ಟುಗಳನ್ನೂ ಎಂದೋ ಒಂದು ದಿನ ಯಾರೋ ಒಬ್ಬರು ಮೊದಲ ಬಾರಿಗೆ ನುಡಿಸಿದ್ದಿರಬೇಕು. ಅಶೋಕನ್ನಿನ ಮಟ್ಟಿನ ವಿಷಯದಲ್ಲಿ ಆ ‘ಯಾರೋ’ ಯಾರೆಂಬುದು ನಮಗೆ ಗೊತ್ತು.