ಮಡಚಿದ ಕೊಂಬಿನ ಪೆಟ್ಟಿಗೆ

ಜಯಸಿಂಗಪುರದ ಊಸ್ ಪರಿಷತ್ತಿನಲ್ಲಿ ಕೊನೇ ಸಾಲಿನ ರೈತನಿಗೂ ಕಬ್ಬಿನ ದರ ಕೇಳಿಸಬೇಕು. ಮಾತಿಗೆ ತಗಡಿನ ಕೊಂಬು ಸಾಕು. ಕನ್ನಡದ ಕೊಂಬು, ತೆಲುಗಿನ ಕೊಮ್ಮು: ಎರಡೂ ಒಂದೇ. ಆ ತಗಡಿನೊಳಗೆ ಇಣುಕಿ ನೋಡ್ರಿ, ದಾರಿ ಮಡಚಿಯೇ ಇರ್ತದೆ.

ಡೊಳ್ಳು, ಡಗ್ಗದ ತಗ್ಗು ಸ್ವರಕ್ಕೆ ಮಾತ್ರ ತಗಡು ಸಾಲದು. ಸೆಕೆಂಡಿಗೆ 50 ಸಲ ನಡುಗುವ ಸ್ವರದ ಒಂದು ಅಲೆ ಸುಮಾರು 7 ಮೀಟರ್ ಉದ್ದ. ಅದಕ್ಕೆ ತಕ್ಕ ಕೊಂಬನ್ನು ನೆಟ್ಟಗೆ ಮಾಡಿದರೆ ಚಕ್ಕಡಿಯಲ್ಲೂ ಹಿಡಿಸದು. ಅಮೆರಿಕದ ಪಾಲ್ ಕ್ಲಿಪ್ಶ್ 1940ರ ದಶಕದಲ್ಲಿ ಅದನ್ನು ಮರದ ಪೆಟ್ಟಿಗೆಯೊಳಗೆ ಮಡಚಿ ಕೋಣೆಯ ಮೂಲೆಗಿಟ್ಟ. ಎರಡು ಗೋಡೆಗಳೇ ಕೊಂಬಿನ ಬಾಯಾದವು. ಜಾಣ!

ಮನೆಯಲ್ಲಿ ಮಾಡುವವರು ನಕ್ಷೆಯನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ ಜೋಡಿಸಿ ನೋಡಲಿ. ಆಮೇಲೆ 18 ಮಿ.ಮೀ. ಪ್ಲೈವುಡ್, ಅಂಟು, ಸ್ಕ್ರೂ. ಗಂಟಲಿನಿಂದ ಬಾಯಿತನಕ ದಾರಿ ಹಿಗ್ಗುತ್ತಲೇ ಹೋಗಬೇಕು. ಸಂದಿಯಲ್ಲಿ ಗಾಳಿ ಸೋರಿದರೆ ಒಡ್ಡು ಒಡೆದ ಕಾಲುವೆಯಂತೆ, ನೀರು ಬೆಳೆ ಮುಟ್ಟದು. ಕಡೇ ಹಲಗೆ ಬಡಿಯುವ ಮೊದಲೇ ಒಳಗಿನ ಸಂದಿಗಳನ್ನು ಮುಚ್ಚಬೇಕು, ಆಮೇಲೆ ಕೈ ಹೋಗೋದಿಲ್ಲ.

ಸಾಮಾನ್ಯ ಪೆಟ್ಟಿಗೆ ನೂರು ವ್ಯಾಟಿನಲ್ಲಿ ಒಂದೆರಡನ್ನಷ್ಟೇ ಸದ್ದು ಮಾಡ್ತದೆ. ಒಳ್ಳೇ ಕೊಂಬು ಹತ್ತು ಅಥವಾ ಹೆಚ್ಚು. ಹಾಗಾಗಿ ಸಣ್ಣ ಆಂಪ್ಲಿಫೈಯರ್ ಸಾಕು, ಕರೆಂಟೂ ಉಳಿತಾಯ.

ಆದರೆ ಗಣಪತಿ ವಿಸರ್ಜನೆಗೆ ಈ ಸೀಮೆಯಲ್ಲಿ ‘ಡಾಲ್ಬಿ’ ಅಂತ ಪೆಟ್ಟಿಗೆಗಳ ಗೋಡೆಯನ್ನೇ ಕಟ್ಟುತ್ತಾರೆ. ಅದು ಹಾಡಲ್ಲ, ಎದೆಗೆ ಗುದ್ದು. 2000ದ ಕೇಂದ್ರ ನಿಯಮದಂತೆ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಂದ್. ರಾಜ್ಯ ಸರಕಾರ ಕೆಲವೇ ದಿನ ಮಧ್ಯರಾತ್ರಿವರೆಗೆ ಬಿಡಬಹುದು. ಎರಡು ಭಾಷೆಯ ಪದ್ಯ ಓದುವ ನನಗಂತೂ ಒಂದೇ ಪೆಟ್ಟಿಗೆ ಸಾಕು.